ಜಗಲಿ ದೀಪದ ವೈರು

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಮನೆ ಕಟ್ಟಿಸುವವರದು ಒಂದು ಪದ್ಧತಿ ಇದೆ. ಪ್ಲಾಸ್ಟರ್ ಹಲಗೆ ಕೂಡಿಸುವ ಪಿಒಪಿಯವರು ಬಂದು ಚಾವಣಿ ಮುಚ್ಚುವ ಮೊದಲು ಬೀಗರನ್ನೂ ಓಣಿಯವರನ್ನೂ ಕರೆದು ವೈರಿಂಗ್ ತೋರಿಸುತ್ತಾರೆ. ಬಂದವರಿಗೆ ಕರೆಂಟಿನ ಗಂಧಗಾಳಿ ಇರುವುದಿಲ್ಲ. ವೈರುಗಳು ಬಿಗಿಯಾಗಿ, ಹೆರಳು ಹಾಕಿದಂತೆ ಕಂಡರೆ ವೈರ್‌ಮನ್ ಶಾಣ್ಯಾ. ಸಡಿಲಾಗಿ ಜೋತಾಡಿದರೆ ದಡ್ಡ. ನಾನು ಶಾಣ್ಯಾರ ಪೈಕಿ. "ನಮ್ಮ ಹೆರಳೂ ಇಷ್ಟ ಚಂದ ಬರೂದಿಲ್ರಿ" ಎಂದು ಹೆಣ್ಣುಮಕ್ಕಳು ನಗುತ್ತಿದ್ದರು. ಆ ಮಾತಿಗೆ ನಾನು ಉಬ್ಬಿ ಹೋಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ನನ್ನ ಜೊತೆಗಾರನಿಗೆ ಈ ಹೆರಳು ಕಂಡರೆ ಆಗುತ್ತಿರಲಿಲ್ಲ. ಜಕ್ಕಲಿಯವನು, ನನಗಿಂತ ಎರಡು ವರ್ಷ ಚಿಕ್ಕವನು. ಹದಿನೆಂಟು ವರ್ಷ ಕೂಡಿ ಕೆಲಸ ಮಾಡಿದೆವು. ಪೈಪಿನೊಳಗೆ ವೈರು ಎಳೆಯುವುದು ಇಬ್ಬರ ಕೆಲಸ: ಒಬ್ಬ ಈ ತುದಿಯಿಂದ ತಳ್ಳಬೇಕು, ಇನ್ನೊಬ್ಬ ಆ ತುದಿಯಲ್ಲಿ ಎಳೆಯಬೇಕು. ನಡುವೆ ಗೋಡೆ ಇರುವುದರಿಂದ ಮುಖ ಕಾಣುವುದಿಲ್ಲ. ಅವನು ತಳ್ಳುವ ಬಿರುಸಿನಿಂದಲೇ ಅವನ ಸಿಟ್ಟು, ಸಂತೋಷ ನನಗೆ ತಿಳಿಯುತ್ತಿತ್ತು. ನಾನು ಮದುವೆಯಾದವನಲ್ಲ. ದಿನಕ್ಕೆ ನಾಲ್ಕು ಮಾತು ಆಡಿದರೆ ಅವನ ಜೊತೆಗೇ ಆಡುತ್ತಿದ್ದೆ.

ಸ್ಟ್ರಿಪ್ ಲೈಟು ಬಂದ ಮೇಲೆ ನಮ್ಮ ಜಗಳ ಹೆಚ್ಚಾಯಿತು. ಚಾವಣಿಯ ಅಂಚಿಗೆ, ದೇವರನ್ನಿಡುವ ಜಗಲಿಗೆ ಪಟ್ಟಿಯ ಹಾಗೆ ಅಂಟಿಸುವ ಈ ದೀಪಕ್ಕೆ ಹನ್ನೆರಡು ವೋಲ್ಟ್ ಸಾಕು. "ಹನ್ನೆರಡು ವೋಲ್ಟ್ ಏನ್ ಮಾಡ್ತೈತಿ, ಇರಿವಿ ಕಚ್ಚಿದಷ್ಟೂ ಆಗೂದಿಲ್ಲ" ಎನ್ನುತ್ತಿದ್ದೆ. ಅವನು ನಿಯಮದ ಪುಸ್ತಕ ಓದಿಕೊಂಡವನು, ಅದರಂತೆಯೇ ವಾದಿಸುತ್ತಿದ್ದ. ವೋಲ್ಟ್ ಕಡಿಮೆಯಾದರೆ ಅಷ್ಟೇ ಬೆಳಕಿಗೆ ವೈರಿನಲ್ಲಿ ಹೆಚ್ಚು ಕರೆಂಟು ಹರಿಯುತ್ತದೆ. ಹತ್ತಾರು ವೈರು ಬಿಗಿದು ಕಟ್ಟಿದರೆ ನಡುವಿನವುಗಳ ಕಾವು ಹೊರಗೆ ಹೋಗುವುದಿಲ್ಲ. ಫ್ಯಾನು, ಬಲ್ಬಿನ ದೊಡ್ಡ ಕರೆಂಟಿನ ಜೊತೆ ಒಂದೇ ಪೈಪಿನಲ್ಲಿ ಇದನ್ನು ತೂರಿಸಲೇಬಾರದು. ಇದರ ತೆಳು ಸಿಪ್ಪೆ ಹರಿದರೆ ಆ ಕರೆಂಟು ಕೈಯಿಂದ ಮುಟ್ಟುವ ದೀಪಕ್ಕೆ ಇಳಿಯುತ್ತದೆ. ಇದೆಲ್ಲ ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡುವವನಿಗೆ ಏನನ್ನಬೇಕೋ ಅದನ್ನು ನನಗೆ ಅನ್ನಿ.

ನರೇಗಲ್ಲಿನಲ್ಲಿ ಶಾಲಾ ಶಿಕ್ಷಕಿಯೊಬ್ಬರ ಹೊಸ ಮನೆ. ಅವರನ್ನು ಎಲ್ಲರೂ ಅಕ್ಕೋರು ಎನ್ನುತ್ತಾರೆ. ಮರುದಿನ ಪಿಒಪಿಯವರು ಬರುವವರಿದ್ದರು, ಜಗಲಿ ದೀಪಕ್ಕೆ ಬೇರೆ ಪೈಪು ಇಡುವುದನ್ನೇ ನಾನು ಮರೆತಿದ್ದೆ. ಬಣ್ಣ ಹಚ್ಚಿದ ಗೋಡೆ ಒಡೆದರೆ ಮರ್ಯಾದೆ ಹೋದೀತೆಂದು ಅದರ ವೈರನ್ನು ಫ್ಯಾನಿನ ಪೈಪಿಗೇ ತೂರಿಸಿ, ಹೊರಗೆ ಕಾಣುವಷ್ಟಕ್ಕೆ ಚಂದದ ಹೆರಳು ಹಾಕಿದೆ.

ಅವನು ಅಕ್ಕೋರ ಮುಂದೆಯೇ ಹೇಳಿದ: "ಅಣ್ಣಾ, ಇದನ್ನ ಬಿಚ್ಚು. ದಿನಾ ಹಸೀ ಬಟ್ಟೀಲೆ ಜಗಲಿ ಒರಸಾವರು ಇವರು."

"ನೀ ವೈರ್ ತಳ್ಳಾಂವ, ತಳ್ಳೂದಷ್ಟ ಮಾಡು. ನನಗ ಕಲಿಸಾಕ ಬರಬ್ಯಾಡ," ಎಂದೆ.

ಜೊತೆಗಾರನನ್ನು ಆಳಿನಂತೆ ಮಾತಾಡಿಸಿದ್ದೆ. ಅವನು ಸಾಮಾನು ಚೀಲಕ್ಕೆ ಹಾಕಿಕೊಂಡು ಹೋದ. ಮರುದಿನ ರಾಜೂರಿನ ಕೆಲಸಕ್ಕೆ ಬರಲಿಲ್ಲ. ವಾರದ ಮೇಲೆ ನರಗುಂದದಲ್ಲಿ ಕೆಲಸ ಹಿಡಿದನೆಂದು ಸುದ್ದಿ ಬಂತು. ಹೋದರೆ ಹೋಗಲಿ ಎಂದೆ. ಅಕ್ಕೋರ ಮುಖ ನೋಡಲು ಮಾತ್ರ ನಾಚಿಕೆಯಾಗಿ, ಅವರ ಮನೆಗೆ ದೀಪ ಜೋಡಿಸಲು ಬೇರೊಬ್ಬ ವೈರ್‌ಮನ್‌ನನ್ನು ಕಳಿಸಿದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಒಬ್ಬನೇ ವೈರು ಎಳೆಯುವುದೆಂದರೆ ಹೀಗೆ: ಈ ಕೋಣೆಯಲ್ಲಿ ಒಂದಿಷ್ಟು ತಳ್ಳು, ಏಣಿ ಇಳಿ, ಆ ಕೋಣೆಗೆ ಹೋಗು, ಏಣಿ ಹತ್ತಿ ಒಂದಿಷ್ಟು ಎಳೆ, ಸಿಕ್ಕಿಕೊಂಡರೆ ಮತ್ತೆ ಈ ಕಡೆ ಓಡಿ ಬಾ. ರಾಜೂರಿನಲ್ಲಿ ಒಂದು ಮಧ್ಯಾಹ್ನ ರೂಢಿಯ ಮೇಲೆ "ತಳ್ಳೋ ತಮ್ಮಾ" ಎಂದು ಕೂಗಿಬಿಟ್ಟೆ. ಖಾಲಿ ಮನೆಯಲ್ಲಿ ನನ್ನದೇ ದನಿ ನನಗೆ ಕೇಳಿಸಿತು. ಐವತ್ತು ದಾಟಿದ ಗಂಡಸು, ಏಣಿಯ ಮೇಲೆ ಕೂತು ಅತ್ತೆ. ಕೆಲಸ ಎರಡು ಪಟ್ಟಾದದ್ದಕ್ಕಲ್ಲ, ನನ್ನನ್ನು "ಅಣ್ಣಾ" ಎನ್ನುವವರು ಯಾರೂ ಉಳಿದಿಲ್ಲವೆಂದು.

ಎಂಟು ತಿಂಗಳಾದ ಮೇಲೆ ಗಜೇಂದ್ರಗಡದ ಒಂದು ಬಟ್ಟೆ ಅಂಗಡಿಯವರು ದೀಪ ಮಿಣುಕುತ್ತಿವೆ ಎಂದು ಕರೆದರು. ಬೇರೆ ಯಾರೋ ಮಾಡಿದ ಕೆಲಸ. ಚಾವಣಿ ಬಿಚ್ಚಿದರೆ ಒಳಗೆ ಸ್ಟ್ರಿಪ್ ಲೈಟಿನ ವೈರುಗಳ ದಪ್ಪ ಕಟ್ಟು, ನಾನೇ ಕಟ್ಟಿದ್ದೇನೋ ಎನ್ನುವಷ್ಟು ಚಂದ. ಕತ್ತರಿಸಿ ನೋಡಿದೆ. ಹೊರಗಿನ ವೈರು ಸರಿಯಾಗಿದ್ದವು. ನಡುವಿನವು ಕಾವಿಗೆ ಕರಗಿ, ಬೆಲ್ಲದ ಪಾಕದಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅಕ್ಕೋರ ಜಗಲಿ, ಅವರ ಕೈಯ ಒದ್ದೆ ಬಟ್ಟೆ ಕಣ್ಣ ಮುಂದೆ ಬಂದವು.

ಮರುದಿನ ಮುಂಜಾನೆಯೇ ನರೇಗಲ್ಲಿಗೆ ಹೋದೆ. "ಜಗಲಿ ದೀಪದ ವೈರ್ ಬಿಚ್ಚಬೇಕಾಗೇತ್ರಿ" ಎಂದಾಗ ಅಕ್ಕೋರು ಬೆರಗಾದರು.

"ಅದನ್ನ ನಿಮ್ಮವರು ಆವಾಗನ ಬಿಚ್ಚಿದ್ರಲ್ರಿ! ನಿಮ್ಮ ಜಗಳ ಆದ ಮರುದಿನನ, ಪಿಒಪಿಯವರು ಬರೂಕಿಂತ ಮೊದಲ ಬಂದ್ರು. 'ಅಣ್ಣಾಗ ರಾತ್ರೆಲ್ಲಾ ನಿದ್ದಿ ಹತ್ತಿಲ್ರಿ, ಅವನೇ ನನ್ನನ್ನ ಕಳಿಸ್ಯಾನ' ಅಂದ್ರು. ಒಬ್ಬರ ಇದ್ರು ನೋಡ್ರಿ, ನನ್ನ ಕೈಲೆ ವೈರ್ ತಳ್ಳಿಸಿದ್ರು!"

ನಾನು ಆ ರಾತ್ರಿ ಗೊರಕೆ ಹೊಡೆದು ಮಲಗಿದ್ದೆ. ಜಗಲಿಯ ಹಿಂದೆ ಇಣುಕಿ ನೋಡಿದೆ: ಅವನು ಗೋಡೆಯನ್ನು ಮುಟ್ಟಿಯೂ ಇರಲಿಲ್ಲ. ಪಿಒಪಿ ಚಾವಣಿಯ ಮೇಲಿಂದಲೇ ಬೇರೆ ಪೈಪು ತಂದು ಜಗಲಿಯ ಹಲಗೆಯ ಹಿಂದೆ ಇಳಿಸಿದ್ದ. ನನಗೆ ಹೊಳೆಯದ ದಾರಿ ಅದು.

"ನೀವ ಕಳಿಸಿದ್ರಿ ಹೌದಲ್ರಿ?" ಎಂದರು ಅಕ್ಕೋರು.

"ಹೂನ್ರಿ," ಎಂದು ಅವರು ಕೊಟ್ಟ ಚಹಾ ಕುಡಿದು ಎದ್ದೆ.

ಬಸ್ ನಿಲ್ದಾಣದಿಂದ ಅವನಿಗೆ ಫೋನು ಮಾಡಿದೆ. "ಅಕ್ಕೋರ ಮನಿಗೆ ಬಂದಿದ್ದೆ. ತಪ್ಪು ನಂದ, ತಮ್ಮಾ. ಹೊಳ್ಳಿ ಬಾ."

ಅವನು ಮೆಲ್ಲಗೆ ಕೇಳಿದ: "ಅಣ್ಣಾ, ಆವತ್ತ ನೀ ಅಂದದ್ದು ಅಕ್ಕೋರ ಮುಂದ. ಈ ಮಾತು ಅವರ ಮುಂದ ಹೇಳಿದ್ಯೇನು?"

ರೋಣದ ಬಸ್ಸು ಬಂದು ನಿಂತಿತ್ತು. ಹತ್ತಲಿಲ್ಲ. ಫೋನನ್ನು ಕಿವಿಗೆ ಹಿಡಿದುಕೊಂಡೇ ಅಕ್ಕೋರ ಮನೆಯ ಕಡೆ ನಡೆದೆ. ಅವನೂ ಫೋನು ಇಡಲಿಲ್ಲ.