ಕರಡಿಯ ಸಾಟಿಗೆ ಹೋದ ಚಿಗರಿ

ನಮ್ಮ ಊರಿನವರಿಗೆ ಕರಡಿ ಬೇಕಾಗಿತ್ತು. ಅದರ ಸಲುವಾಗಿ ನನ್ನ ಚಿಗರಿ ಹೋಯಿತು.

ಆಗ ನಾವು ಬೆಟಗೇರಿ ಕಡೆಗೆ, ಊರಿನ ಪ್ರಾಣಿಗಳ ತೋಟದೊಳಗೇ ಇದ್ದ ಎರಡು ಕೋಣೆಯ ಮನೆಯಲ್ಲಿದ್ದೆವು. ಅಲ್ಲಿಯ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸ ನಮ್ಮ ಯಜಮಾನರದು. ದೊಡ್ಡ ಸಂಗ್ರಹವೇನಲ್ಲ. ಸ್ವಾತಂತ್ರ್ಯ ಬಂದು ಸಂಸ್ಥಾನಗಳು ಹೋದಾಗ ಶಿರಹಟ್ಟಿ ಕಡೆಯ ಒಂದು ವಾಡೆಯವರು ತಮ್ಮ ಹಿತ್ತಲಲ್ಲಿ ಸಾಕಿದ್ದನ್ನೆಲ್ಲ ಇಲ್ಲಿಗೆ ದಾಟಿಸಿದ್ದರು: ಒಂದು ಮುದಿ ತೋಳ, ಒಂದು ಕತ್ತೆಕಿರುಬ, ಗರಿ ಉದುರಿದ ಒಂದು ನವಿಲು. ಎಲ್ಲ ಒಂಟಿ. ಜೋಡಿ ಇದ್ದದ್ದು ಚಿಗರಿ ಜಿಂಕೆಗಳು ಮಾತ್ರ. ಗಂಡನ್ನು ಅಂತೂರ ಬೆಂತೂರದಿಂದ ತಂದುಕೊಟ್ಟಿದ್ದರು. ಹೆಣ್ಣನ್ನು ಡಂಬಳದ ರೈತನೊಬ್ಬ ಕಂಬಳಿಯಲ್ಲಿ ಸುತ್ತಿಕೊಂಡು ಬಂದಾಗ ಅದಕ್ಕೆ ನೆಟ್ಟಗೆ ನಿಲ್ಲಲೂ ಬರುತ್ತಿರಲಿಲ್ಲ. ತಾಯಿಯನ್ನು ನಾಯಿಗಳು ಹರಿದು ಹಾಕಿದ್ದವು. ಬಟ್ಟೆಯ ಬತ್ತಿಯನ್ನು ಆಕಳ ಹಾಲಿನಲ್ಲಿ ಅದ್ದಿ ಚೀಪಿಸಿ ನಾನು ಬೆಳೆಸಿದೆ. ದೊಡ್ಡದಾದ ಮೇಲೂ ನಾನು ಲಿಂಗಪೂಜೆಗೆ ಕುಳಿತರೆ ಹೊಸ್ತಿಲ ಹೊರಗೆ ಬಂದು ನಿಲ್ಲುತ್ತಿತ್ತು. ಪೂಜೆ ಮುಗಿದ ಮೇಲೆ ಬಿಲ್ವಪತ್ರೆ ಅದರ ಪಾಲು. ನನಗಿನ್ನೂ ಮಕ್ಕಳಾಗಿರಲಿಲ್ಲ. ಆ ಮನೆಯಲ್ಲಿ ನನ್ನದು ಅನ್ನಬಹುದಾದದ್ದು ಅದೊಂದೇ.

ಕರ್ನಾಟಕ ಒಂದಾಗುವ ವರ್ಷ ಅದು ಗಬ್ಬವಾಯಿತು.

ತೋಟದ ಸಾಹೇಬರಿಗೆ ಏಕೀಕರಣದ ಹಬ್ಬಕ್ಕೆ ಊರಿಗೆ ಹೊಸದೇನಾದರೂ ತೋರಿಸುವ ಹಂಬಲ. ಮರಾಠಿ ಸೀಮೆಯ ಒಂದು ಊರಿನ ತೋಟದಲ್ಲಿ ಕರಡಿ ಇತ್ತಂತೆ, ಅವರಿಗೆ ಚಿಗರಿ ಬೇಕಾಗಿತ್ತಂತೆ. ಎಲ್ಲ ಮಾತು ಮುಗಿದ ಮೇಲೆ ನಮಗೆ ತಿಳಿಯಿತು.

ನಾನು ಸಾಹೇಬರ ಎದುರು ಎಂದೂ ಬಾಯಿ ತೆರೆದವಳಲ್ಲ. ಅಂದು ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಮರೆಯಿಂದ ಕೇಳಿದೆ.

"ಸಾಹೇಬ್ರ, ಅದು ಗಬ್ಬ ಐತ್ರಿ. ಈದ ಮ್ಯಾಲ ಕಳಸ್ರಿ. ನಾ ಬ್ಯಾಡ ಅನ್ನೂದಿಲ್ಲ."

"ಗಬ್ಬ ಐತಿ ಅಂತನ ಅವರು ಒಪ್ಪ್ಯಾರ, ತಂಗೀ. ಬರೇ ಒಂದ ಚಿಗರಿಗೆ ಕರಡಿ ಯಾರ ಕೊಡ್ತಾರ? ಮತ್ತ ಒಂದನೇ ತಾರೀಖು ದಾಟಿತಂದ್ರ ಅವರು ಮುಂಬೈದವರು, ನಾವು ಮೈಸೂರಿನವರು. ಎಲ್ಲಾ ಕಾಗದ ಹೊಸದಾಗಿ ಆಗಬೇಕು. ಯಾರ ಓಡ್ಯಾಡಬೇಕು?"

"ಹೊಟ್ಟ್ಯಾಗಿಂದು ತಾರೀಖ ನೋಡಿ ಬರ್ತೈತೇನ್ರಿ?"

ಸಾಹೇಬರು ನಕ್ಕುಬಿಟ್ಟರು. ಯಜಮಾನರ ಕಡೆ ತಿರುಗಿ, "ನಿನ್ನ ಹೇಣ್ತಿ ವಕೀಲಿ ಮಾಡಾಕ ಹತ್ಯಾಳಲೇ," ಅಂದರು. "ಚಿಗರಿ ನೋಡಾಕ ತೋಟಕ್ಕ ಯಾರ ಬರ್ತಾರ? ಮುಂಡರಗಿ ಹಾದಿ ಹಿಡದ್ರ ಹೊಲದಾಗ ಹಿಂಡಗಟ್ಲೆ ಅದಾವು."

ನಾನು ಕಣ್ಣೊರೆಸಿಕೊಂಡು ಬಾಗಿಲಿನಿಂದ ಸರಿದೆ.

ಒಳಗೆ ಅತ್ತೆ ಜೋಳ ಹಸನು ಮಾಡುತ್ತಿದ್ದರು. ನಾನು ಈ ಮನೆಗೆ ಬಂದದ್ದು ಸಾಟಿಯಲ್ಲಿ. ನನ್ನನ್ನು ಇಲ್ಲಿಗೆ ಕೊಟ್ಟು, ಈ ಮನೆಯ ಮಗಳನ್ನು ನನ್ನ ಅಣ್ಣನಿಗೆ ತಂದುಕೊಂಡಿದ್ದರು. ಲಕ್ಷ್ಮೇಶ್ವರದಲ್ಲಿ ನಮ್ಮವ್ವ ಆಕೆಗೆ ಒಂದು ಮಾತು ಅಂದರೆ ಇಲ್ಲಿ ನನಗೆ ಎರಡು ಬೀಳುತ್ತಿದ್ದವು.

"ಯಾಕ ಅಳ್ತಿ?" ಅಂದರು ಅತ್ತೆ. "ನೀನೂ ಸಾಟಿಗೇ ಬಂದಾಕಿ. ಬರೂಮುಂದ ಓಣಿ ಎಲ್ಲಾ ಕೇಳೂಹಂಗ ಅತ್ತಿದ್ದಿ. ಸತ್ತೇನ?"

"ನಾ ಬರೂಮುಂದ ಬಸರಿ ಇರಲಿಲ್ರಿ, ಅತ್ತಿ."

ಅವರ ಕೈಯಲ್ಲಿ ಮೊರ ನಿಂತಿತು.

ಒಯ್ಯುವ ದಿನ ಬಡಿಗ ಮಾಡಿದ ಕಟ್ಟಿಗೆಯ ಪೆಟ್ಟಿಗೆ ಬಂತು. "ನೀನ ಕರೀಬೇಕು," ಅಂದರು ಯಜಮಾನರು. "ಹಗ್ಗ ಹಾಕಿದ್ರ ಕಾಲು ಮುರಕೊಂತೈತಿ." ನಾನು ಪೆಟ್ಟಿಗೆಯ ಆಚೆ ಬದಿಗೆ ನಿಂತು ಪತ್ರೆ ಹಿಡಿದು ಕರೆದೆ. ಚಿಗರಿ ಹಿಂದೆ ಮುಂದೆ ನೋಡದೆ ಪೆಟ್ಟಿಗೆಯೊಳಗೆ ನಡೆದು ಬಂತು.

ಆಗ ಅತ್ತೆ ಒಳಗಿನಿಂದ ಒಂದು ಹಸಿರು ಖಣ ತಂದರು. ಬಸುರಿಗೆ ಕುಬಸದ ಶಾಸ್ತ್ರ ಮಾಡುವಾಗ ಉಡಿಗೆ ಹಾಕುವಂಥ ರವಿಕೆ ಬಟ್ಟೆ. ನನ್ನ ಕುಬಸಕ್ಕೆಂದು ಎತ್ತಿಟ್ಟಿದ್ದರೆಂದು ನನಗೆ ಗೊತ್ತಿತ್ತು.

"ಬಸರಿನ್ನ ಬರೇ ಕೈಲೆ ಕಳಸಬಾರದು," ಎಂದು ಪೆಟ್ಟಿಗೆಯ ಪಟ್ಟಿಗೆ ಕಟ್ಟಿದರು.

ಮಾಲಿಯ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. "ಯವ್ವಾ, ಚಿಗರಿಗೆ ಕುಬಸ! ಕರಡಿ ಬಂದ್ರ ಬೀಗರ ಊಟ ಹಾಕ್ತೀರೇನು?"

"ನಿನ್ನೂ ಕರೀತೇನಿ, ಅದರ ಮಗ್ಗಲಕ್ಕ ಕುಂತು ಉಣ್ಣಾಕ ಬಾ," ಅಂದರು ಅತ್ತೆ. ಅದೊಂದು ಹೊತ್ತು ನಾನೂ ನಕ್ಕೆ.

ಯಜಮಾನರು ರೈಲಿನಲ್ಲಿ ಪೆಟ್ಟಿಗೆಯ ಜೊತೆಗೇ ಹೋದರು. ಅವರು ಮರಳಿದಾಗ ಸ್ಟೇಷನ್ನಿನಿಂದಲೇ ಮಂದಿ ಗಾಡಿಯ ಹಿಂದೆ ಓಡಿ ಬಂದರು, ಕರಡಿ ನೋಡಲಿಕ್ಕೆ. ಅವರು ಕಾಲು ತೊಳೆದು ಒಳಗೆ ಬಂದು, ಅಂಗಿಯ ಒಳಕಿಸೆಯಿಂದ ಹಸಿರು ಖಣ ತೆಗೆದು ನನ್ನ ಮುಂದೆ ಇಟ್ಟರು.

"ಹುಬ್ಬಳ್ಳಿ ತನಕ ನಿಂತಿತ್ತು. ಲೋಂಡಾದಾಗ ಡಬ್ಬಿ ಜೋಡಸೂಮುಂದ ಬಡದ ಸಪ್ಪಳಕ್ಕ ಬೆದರಿ ಹಾರಿ ಹಾರಿ ಬಿತ್ತು. ಬೆಳಗಾವಿ ಬರೂದ್ರಾಗ ಈತು. ಮರಿ ಮಿಸುಕಲಿಲ್ಲ. ಅದೂ ಮತ್ತ ಏಳಲಿಲ್ಲ."

ನಾನು ಕೇಳಿದೆ. "ಮತ್ತ ಕರಡಿ ಹೆಂಗ ಕೊಟ್ರು?"

"ಸತ್ತದ್ದನ್ನ ನೋಡಿನೂ ಕೊಟ್ರು. ಅವರಿಗೆ ಅದನ್ನ ಸಾಗಹಾಕೂದಿತ್ತು. ಬರೇ ಕೈಲೆ ಹೋಗಿದ್ರೂ ಕೊಡ್ತಿದ್ರು."

ಎದ್ದು ಹೋಗಿ ನೋಡಿದೆ. ಯಾವನೋ ಬೀದಿಯಲ್ಲಿ ಕುಣಿಸಿ ಬಿಟ್ಟ ಕರಡಿ ಅದು. ಮೂಗಿನಲ್ಲಿ ಹಗ್ಗದ ತೂತು, ಒಂದು ಕಣ್ಣಿಗೆ ಪೊರೆ. ಹಲ್ಲು ಒಂದೂ ಇರಲಿಲ್ಲ, ಎಂದೋ ಕಿತ್ತು ಹಾಕಿದ್ದರು.

ಅತ್ತೆ ಆ ಖಣವನ್ನು ಮತ್ತೆ ಗಂಟಿಗೆ ಸೇರಿಸಲಿಲ್ಲ. ಒಲೆಗೆ ಹಾಕಿದರು. ಅಂದಿನಿಂದ ನನ್ನೆದುರು ಸಾಟಿಯ ಮಾತನ್ನೂ ಎತ್ತಲಿಲ್ಲ. ಲಕ್ಷ್ಮೇಶ್ವರದಿಂದ ಯಾವ ಸುದ್ದಿ ಬಂದರೂ ನನ್ನ ಮೇಲೆ ಹರಿಹಾಯಲಿಲ್ಲ. ಯಜಮಾನರೂ ಸುಳ್ಳು ಹೇಳಬಹುದಿತ್ತು. ಚಿಗರಿ ಸುಖವಾಗಿ ಮುಟ್ಟಿತು ಅಂದಿದ್ದರೆ ನಾನು ನಂಬಿ ದಿನಾ ದೀಪ ಹಚ್ಚುತ್ತಿದ್ದೆ. ಹೇಳಲಿಲ್ಲ. ಇವೆರಡನ್ನೂ ನಾನು ಶಿವನ ದಯೆ ಎಂದೇ ಹಿಡಿದಿದ್ದೇನೆ. ಬೇರೆ ದಯೆ ಏನಾದರೂ ಇತ್ತೇ ಎಂದು ಹುಡುಕಿದ್ದೇನೆ, ಸಿಕ್ಕಿಲ್ಲ.

ಹಬ್ಬದ ದಿನ ತೋಟದ ತುಂಬ ಜನ. ಕರಡಿಯ ಬೋನಿಗೆ ಚೆಂಡುಹೂವಿನ ಮಾಲೆ. ಎಲ್ಲರಿಗೂ ಪೇಡೆ ಹಂಚಿದರು. ಕನ್ನಡದವರೆಲ್ಲ ಒಂದಾದೆವೆಂದು ಸಾಹೇಬರು ಭಾಷಣ ಮಾಡಿ ಇಳಿದು ಬಂದು ನನ್ನನ್ನು ಕಂಡರು. ಚಿಗರಿಯ ಸುದ್ದಿ ಅವರಿಗೆ ತಿಳಿದಿತ್ತು. ಅದನ್ನು ಕೇಳಲಿಲ್ಲ.

"ಹೆಂಗೈತಿ, ತಂಗೀ, ಕರಡಿ?"

"ಹಲ್ಲಿಲ್ರಿ ಅದಕ್ಕ."

"ಬಾಯಿ ತೆರದರಲ್ಲ ಗೊತ್ತಾಗೂದು!" ಎಂದು ನಕ್ಕು, ನನ್ನ ಕೈಗೂ ಒಂದು ಪೇಡೆ ಇಟ್ಟು ಮುಂದೆ ಹೋದರು.

ಕರಡಿಗೆ ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಹಾಕುವ ಕೆಲಸ ನನ್ನ ಪಾಲಿಗೇ ಬಂದಿತ್ತು. ಮಂದಿ ಕರಗಿದ ಮೇಲೆ ಆ ಪೇಡೆಯನ್ನು ನುಚ್ಚಿನೊಳಗೆ ಕಿವುಚಿ ಒಯ್ದೆ. ಕರಡಿ ತುಟಿಯಿಂದಲೇ ಎಳೆದು ಎಳೆದು ಉಂಡಿತು. ಅದರ ತಪ್ಪೇನಿರಲಿಲ್ಲ. ಅಷ್ಟು ಗೊತ್ತಿದ್ದರೂ ಅದು ಬದುಕಿದ್ದಷ್ಟು ಕಾಲ ಅದನ್ನು ಪ್ರೀತಿಸಲು ನನ್ನಿಂದ ಆಗಲಿಲ್ಲ. ಶಿವನೂ ಆ ಪ್ರೀತಿಯನ್ನು ಕೇಳಿದಂತೆ ಕಾಣಲಿಲ್ಲ. ಹೊತ್ತಿಗೆ ಸರಿಯಾಗಿ ಕೂಳು ಹಾಕು ಅಂದ. ಹಾಕಿದೆ.