ಮಥುರಾಬಾಯಿ ಒಪ್ಪಿಕೊಂಡ ಚಂದ್ರ

ಮುರಗೋಡದಲ್ಲಿ ನಮ್ಮ ಮಾಳಿಗೆಗೂ ಮಥುರಾಬಾಯಿಯವರ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಗೋಡೆ ಅಷ್ಟೇ. ಅವರ ಮನೆಯ ಜಗಳಗಳನ್ನು ನಾನು ಕದ್ದು ಕೇಳಿದವಳಲ್ಲ. ಅವು ತಾವಾಗಿಯೇ ಗೋಡೆ ದಾಟಿ ಬರುತ್ತಿದ್ದವು. ೧೯೫೭ರ ಜಗಳ ಮಾತ್ರ ರಷ್ಯಾದಿಂದ ಬಂತು.

ಅವರ ಯಜಮಾನರು ಕೃಷ್ಣಾಜಿಯವರದು ಪೌರೋಹಿತ್ಯದ ಮನೆತನ. ಮಂತ್ರ ಬಿಟ್ಟು ಗಡಿಯಾರ ರಿಪೇರಿ ಹಿಡಿದಿದ್ದರು. ಸಂಜೆ ನಿಜಗುಣಪ್ಪನವರ ಅರಿವೆ ಅಂಗಡಿಯಲ್ಲಿ ರೇಡಿಯೋ ಕೇಳಿ, ಲೋಕದ ಸುದ್ದಿಯನ್ನೆಲ್ಲ ಮನೆಗೆ ಹೊತ್ತು ತರುತ್ತಿದ್ದರು. ಆ ವರ್ಷ ಅವರ ಬಾಯಲ್ಲಿ ಒಂದೇ ಜಪ: ಅಂತರರಾಷ್ಟ್ರೀಯ ಭೂಭೌತ ವರ್ಷ.

"ಅರವತ್ತು ಚಿಲ್ಲರ ದೇಶ ಒಂದಾಗ್ಯಾವ. ಬಿಸಲು, ಗಾಳಿ, ಮ್ಯಾಲಿನ ಆಕಾಶ, ಎಲ್ಲಾ ಕೂಡಿ ಅಳೀತಾವ. ಒಬ್ರು ಅಳದದ್ದು ಎಲ್ಲಾರಿಗೂ. ನಮ್ಮ ದೇಶಾನೂ ಅದರಾಗ ಅದ. ಹದಿನೆಂಟು ತಿಂಗಳು ನಡೀತದ ಈ ವರ್ಷ."

"ಹದಿನೆಂಟು ತಿಂಗಳಿಗೆ ವರ್ಷ ಅನ್ನೋರ ಲೆಕ್ಕ ನಂಬೂದು ಹೆಂಗ್ರಿ?" ಎಂದು ಮಥುರಾಬಾಯಿ ಒಲೆಯ ಮುಂದಿನಿಂದಲೇ ಕೇಳಿದರು. ಗಡಿಯಾರದವರು ಕೈಯಲ್ಲಿದ್ದ ಗಡಿಯಾರಕ್ಕೆ ಕೀಲಿ ಕೊಡತೊಡಗಿದರು.

ರಷ್ಯಾದವರು ಕೃತಕ ಚಂದ್ರ ಹಾರಿಸಿದ ಮೇಲಂತೂ ಕೃಷ್ಣಾಜಿಯವರನ್ನು ಹಿಡಿಯುವವರೇ ಇಲ್ಲ. ಮುಂದೆ ಮನುಷ್ಯರೇ ಹೋಗುತ್ತಾರೆ, ಅದಕ್ಕೇ ಈಗ ಎರಡನೆಯ ಚಂದ್ರನೊಳಗೆ ನಾಯಿಯನ್ನು ಕೂರಿಸಿ ಕಳಿಸಿದ್ದಾರೆ ಎಂದರು. ಭೂಮಿಯನ್ನು ಸುತ್ತುವುದೆಲ್ಲ ಚಂದ್ರನೇ ಎಂದು ವಾದಿಸಿದರು.

"ಡಬ್ಬಿ ಎಷ್ಟು ತಿರುಗಿದರೂ ಡಬ್ಬೀನ," ಎಂದರು ಮಥುರಾಬಾಯಿ.

ಚಂದ್ರನ ವಿಷಯದಲ್ಲಿ ಅವರನ್ನು ಕೆಣಕಬಾರದಿತ್ತು. ಸೊಸೆ ಶಾಂತಾಬಾಯಿಗೆ ಮೊದಲ ಬಸಿರು ನಿಂತಿರಲಿಲ್ಲ. ಎರಡನೆಯದಾದರೂ ಉಳಿಯಲಿ ಎಂದು ಅವರು ಗಣಪತಿಗೆ ಹರಕೆ ಹೊತ್ತಿದ್ದರು: ಅತ್ತೆ ಸೊಸೆ ಇಬ್ಬರೂ ಪ್ರತಿ ಸಂಕಷ್ಟಿಗೆ ಚಂದ್ರದರ್ಶನ ಆಗುವವರೆಗೆ ಹನಿ ನೀರೂ ಮುಟ್ಟುವುದಿಲ್ಲ ಎಂದು. ತಾವು ಹೇಗಾದರೂ ಇರಲಿ, ಬಸುರಿಯನ್ನು ಒಣಗಿಸುವುದು ಯಾವ ಭಕ್ತಿ? ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೇಳಿಯೂ ಹೇಳಿದೆ. ಮೂರು ದಿನ ನನ್ನೊಡನೆ ಮಾತು ಬಿಟ್ಟರು.

ಆ ಚಳಿಗಾಲದ ಸಂಕಷ್ಟಿಯ ಸಂಜೆ ಹೊತ್ತು ಮುಳುಗಿತ್ತು. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಒಟ್ಟುಗೂಡಿಸುತ್ತಿದ್ದ ಶಾಂತಾಬಾಯಿ ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದು ಕುಸಿದಳು. ಚಂದ್ರ ಬರಲು ಇನ್ನೂ ಬಹಳ ಹೊತ್ತಿತ್ತು. ನಾನು ಗೋಡೆ ದಾಟಿ ಓಡಿದೆ.

"ಒಂದು ಗುಟಕ ನೀರರ ಕುಡಸ್ರಿ, ಅಕ್ಕಾರ!"

ಕೂಗು ಕೇಳಿ ಮೇಲೆ ಬಂದ ಮಥುರಾಬಾಯಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. "ಕುಡಸಿದ್ರ ಹರಕಿ ಮುರೀತದ, ಗುರುಬಸವ್ವಾ. ಕುಡಸದಿದ್ರ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಅಂಥ ಗಟ್ಟಿ ಹೆಂಗಸು ಹೀಗೆ ಹೆದರಿದ್ದನ್ನು ನಾನು ನೋಡಿರಲಿಲ್ಲ. ಸಿಟ್ಟೆಲ್ಲ ಹೋಗಿ ಪಾಪ ಅನಿಸಿತು.

ಇದಾವುದೂ ಗೊತ್ತಿಲ್ಲದ ಕೃಷ್ಣಾಜಿ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದರು. "ಬಂತು! ಅಲ್ಲಿ ನೋಡ್ರಿ, ಮಾವಿನ ಗಿಡದ ಮ್ಯಾಲೆ!"

ನಿಜವಾಗಿಯೂ ಒಂದು ಚುಕ್ಕಿ ಸದ್ದಿಲ್ಲದೆ ಆಕಾಶದಲ್ಲಿ ನಡೆದು ಬರುತ್ತಿತ್ತು. ಮಥುರಾಬಾಯಿ ಅದನ್ನು ನೋಡಿದರು, ಸೊಸೆಯನ್ನು ನೋಡಿದರು, ಆಮೇಲೆ ಗಂಡನ ಕಡೆ ತಿರುಗಿದರು.

"ಅದು ಚಂದ್ರ ಹೌದೋ ಅಲ್ಲೋ?"

"ಹಂಗ ನೋಡಿದ್ರ ಅದು ಕೃತಕ..."

"ಹೌದೋ, ಅಲ್ಲೋ?"

ಕೃಷ್ಣಾಜಿ ಸೊಸೆಯನ್ನು ಆಗ ಕಂಡರು. "ಹೌದು," ಎಂದರು.

"ಅರವತ್ತು ದೇಶದವರು ಕೂಡಿ ಒಪ್ಪಿದ್ದನ್ನ ಗಣಪತಿ ಒಪ್ಪೂದಿಲ್ಲೇನು? ಶಾಂತಾ, ಕೈ ಮುಗಿ. ದರ್ಶನ ಆತು."

ಪೂಜೆಗೆಂದು ತುಂಬಿಟ್ಟಿದ್ದ ತಂಬಿಗೆ ತಂದು ಶಾಸ್ತ್ರೋಕ್ತವಾಗಿ ರಷ್ಯಾದ ಚಂದ್ರನಿಗೆ ಅರ್ಘ್ಯ ಬಿಟ್ಟರು. ನೀರು ಕೆಳಗೆ ಬೀಳುವಷ್ಟರಲ್ಲಿ ಅದು ನಮ್ಮ ಮನೆ ದಾಟಿ ಹೋಗುತ್ತಿತ್ತು. ಸೊಸೆಗೆ ನೀರು ಕುಡಿಸಿದರು, ಅಲ್ಲಿಯೇ ಕೂರಿಸಿ ಬಿಸಿ ಅನ್ನ ತೊವ್ವೆ ಕಲಸಿ ತಾವೇ ಉಣಿಸಿದರು. ಮುಖಕ್ಕೆ ಕಳೆ ಬಂದ ಮೇಲೆ ಅವಳನ್ನು ಕೆಳಗೆ ಮಲಗಲು ಕಳಿಸಿದರು.

ಕೃಷ್ಣಾಜಿ ಗೆದ್ದ ಹುಮ್ಮಸ್ಸಿನಲ್ಲಿದ್ದರು. "ನೀನೂ ಏಳು, ಊಟ ಮಾಡು. ಚಂದ್ರ ಬಂದು ಹೋದನಲ್ಲ!"

ಮಥುರಾಬಾಯಿ ಎಂಜಲು ಕೈ ತೊಳೆದುಕೊಂಡು, ಒಣಗಿದ ತುಟಿ ಒರೆಸಿ, ಮೂಡಣಕ್ಕೆ ಮುಖ ಮಾಡಿ ಕುಳಿತರು.

"ಅದು ಆಕಿ ಚಂದ್ರ," ಎಂದರು. "ನನ್ನಾಂವ ಇನ್ನೂ ಬರಬೇಕು."