ಇಲ್ಮಾರನ ಎರಡನೆಯ ಶಿಲುಬೆ

ಕುಸೆಲಾ ಊರಿನಲ್ಲಿ ಭಾನುವಾರದ ಗಂಟೆ ಬಾರಿಸುತ್ತಿದ್ದವಳು ಮೇತಾ. ಗಂಟೆ ಕಿವಿಗೆ ಬಿದ್ದ ಕೂಡಲೇ ಬೂಟು ಮೆಟ್ಟಿ, ಚರ್ಚಿಗೆ ಬೆನ್ನು ಹಾಕಿ ಕಾಡಿನ ದಾರಿ ಹಿಡಿಯುತ್ತಿದ್ದವನು ಅವಳ ಗಂಡ ಇಲ್ಮಾರ್. ಹೆಂಡತಿ ಊರನ್ನೆಲ್ಲ ಕರೆಯುತ್ತಾಳೆ, ಗಂಡ ಮಾತ್ರ ಓಡಿಹೋಗುತ್ತಾನೆ ಎಂದು ಊರವರು ನಗುತ್ತಿದ್ದರು. ನಗುವವರಿಗೆ ಇಲ್ಮಾರನೇ ಉತ್ತರ ಕೊಡುತ್ತಿದ್ದ: "ಚರ್ಚಿನವರು ನನ್ನನ್ನ ಆಗಲೇ ಒಂದ್ಸಲ ಮಣ್ಣು ಮಾಡಿದಾರಪ್ಪ. ಮತ್ತೆ ಮತ್ತೆ ಹೋಗಿ ತೊಂದ್ರೆ ಕೊಡೋದು ಚೆನ್ನಾಗಿರಲ್ಲ."

ಅದು ಬರೀ ತಮಾಷೆಯಲ್ಲ, ನಡೆದದ್ದೇ. ಇಪ್ಪತ್ತು ತುಂಬಿದಾಗ ಅವನನ್ನು ರಷ್ಯದವರ ಸೈನ್ಯಕ್ಕೆ ಎಳೆದೊಯ್ದು, ಪೂರ್ವದ ಕೊನೆಯಲ್ಲೆಲ್ಲೋ ಸುರಂಗ ತೋಡುವ ಕೆಲಸಕ್ಕೆ ಹಾಕಿದ್ದರು. ಸುರಂಗ ಕುಸಿಯಿತು. ಊರಿಗೆ ತಗಡಿನ ಪೆಟ್ಟಿಗೆ ಬಂತು, ತೆರೆಯಕೂಡದು ಎಂಬ ಆಜ್ಞೆಯ ಸಮೇತ. ತಾಯಿ ಪೆಟ್ಟಿಗೆಯ ಮೇಲೆ ಬಿದ್ದು ಅತ್ತಳು. ಆಗಿನ ಪಾದ್ರಿ ಪ್ರಾರ್ಥನೆ ಓದಿದರು. ಸ್ಮಶಾನದ ದಾರಿಯಲ್ಲಿ ಅಣ್ಣ ಎಂಡೆಲ್ ಒಂದು ಪೈನ್ ಮರದ ಮೇಲೆ ತಮ್ಮನ ಶಿಲುಬೆ ಕೆತ್ತಿದ.

ಆ ಸೀಮೆಯಲ್ಲಿ ಅದು ತಪ್ಪದ ಪದ್ಧತಿ. ಹೆಣ ಹೊತ್ತವರು ಕಾಡಿನ ಅಂಚಿನಲ್ಲಿ ನಿಲ್ಲಬೇಕು, ಸತ್ತವನ ಹತ್ತಿರದ ಗಂಡಸೊಬ್ಬ ಮರದಲ್ಲಿ ಶಿಲುಬೆ ಕೆತ್ತಬೇಕು. ಸತ್ತವನಿಗೆ ಮನೆಯ ನೆನಪಾಗಿ ಎದ್ದು ಹೊರಟರೆ, ತನ್ನ ಗುರುತು ಕಂಡು ಅಲ್ಲೇ ನಿಲ್ಲುತ್ತಾನೆ. ಇದು ಬೈಬಲಿನಲ್ಲಿ ಇಲ್ಲವೆಂದು ಎಷ್ಟೋ ಪಾದ್ರಿಗಳು ಬೈದು ಬೈದು ಸಾಕಾಗಿ, ಕೊನೆಗೆ ತಮ್ಮ ಶಿಲುಬೆಗೂ ಅದೇ ಕಾಡಿನಲ್ಲಿ ಜಾಗ ಹಿಡಿದಿದ್ದಾರೆ.

ಮರುವರ್ಷ ವಸಂತದಲ್ಲಿ ಇಲ್ಮಾರ್ ಬಸ್ಸಿನಿಂದಿಳಿದು, ಕುಂಟುತ್ತ ಮನೆಗೆ ಬಂದ. ತಲೆಗೆ ಪೆಟ್ಟಾಗಿ, ಮಾತು ನಿಂತು, ತಿಂಗಳುಗಟ್ಟಲೆ ಹೆಸರಿಲ್ಲದ ರೋಗಿಯಾಗಿ ಬಿದ್ದಿದ್ದನಂತೆ. ಸುರಂಗ ಕುಸಿದ ದಿನವಷ್ಟೇ ಹೊಸ ಹುಡುಗನೊಬ್ಬ ಬಂದಿದ್ದ. ಎಲ್ಲಿಯವನೋ, ಯಾವ ಭಾಷೆಯವನೋ. ಚಳಿಗೆ ಗಡಗಡ ನಡುಗುತ್ತಿದ್ದ. ಇಲ್ಮಾರ್ ತನ್ನ ಹತ್ತಿ ತುಂಬಿದ ಕೋಟು ಬಿಚ್ಚಿ ಅವನಿಗೆ ಹಾಕಿದ್ದ. ಕೋಟಿನ ಮೇಲೆ ಹೆಸರಿತ್ತು. ಹುಡುಗ ಆ ಹೆಸರು ಹೊತ್ತು ಕುಸೆಲಾಕ್ಕೆ ಬಂದು, ಇಲ್ಮಾರನ ಮನೆಯವರ ಮಣ್ಣಿನಲ್ಲಿ ಮಲಗಿದ. ಸರಕಾರದವರು ಪೆಟ್ಟಿಗೆ ವಾಪಸ್ಸು ಕೇಳಲಿಲ್ಲ. ಹುಡುಗ ಯಾರೆಂದು ಇಲ್ಮಾರ್ ಕೇಳಿದ್ದಕ್ಕೆ, ಬದುಕಿದೀಯಲ್ಲ, ಬಾಯಿ ಮುಚ್ಕೊಂಡು ಬದುಕು ಎಂದು ಕಳಿಸಿದರು. ಅಪ್ಪ ಸಮಾಧಿಯಿಂದ ಮಗನ ಹೆಸರಿನ ಹಲಗೆ ಕಿತ್ತು ತಂದ. ಮರದ ಮೇಲಿನ ಶಿಲುಬೆಯನ್ನು ಮಾತ್ರ ಕಿತ್ತು ತರುವಂತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಮೇತಾಳಿಗೆ ಗಂಡನ ಭಾನುವಾರದ ಮೇಲೆ ಅನುಮಾನ. ಇವನು ಯಾವಳನ್ನು ನೋಡಲು ಹೋಗುತ್ತಾನೆ ಎಂದು ಒಂದು ದಿನ ಗಂಟೆ ಬಾರಿಸಿದವಳೇ ಹಿಂದೆ ಹೋದಳು. ನೋಡಿದರೆ ಪೈನ್ ಮರದ ಎದುರು ದಿಮ್ಮಿಯ ಮೇಲೆ ಕೂತು, ಕಪ್ಪು ರೊಟ್ಟಿ ಮುರಿದು, ಒಂದು ತುಂಡನ್ನು ಶಿಲುಬೆಯ ಕೆಳಗೆ ಇಡುತ್ತಿದ್ದಾನೆ. ಅವತ್ತು ನಾಚಿಕೆಯಿಂದ ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಇಲ್ಮಾರ್ ಎಲ್ಲವನ್ನೂ ಹೇಳಿದ. ಶಿಲುಬೆ ತನ್ನದಲ್ಲ, ಈಗ ಅದು ಆ ಹುಡುಗನದು. ಅವನ ತಾಯಿಗೆ ಮಗ ಎಲ್ಲಿದ್ದಾನೆಂದು ಗೊತ್ತಿಲ್ಲ, ಅದಕ್ಕೆ ತಾನು ಬಂದು ಕೂರುತ್ತೇನೆ ಎಂದ. "ಯಾರಿಗೂ ಹೇಳ್ಬೇಡ ಕಣೆ," ಎಂದ. "ಹೇಳಿದ್ರೆ ಊರು ಅದನ್ನೊಂದು ಕಥೆ ಮಾಡಿ ಕೂರುತ್ತೆ."

ಹೇಳದೆ ಇದ್ದರೂ ಊರು ಕಥೆ ಮಾಡಿತು, ಒಂದಲ್ಲ ಮೂರು. ಚರ್ಚಿನ ಅಲ್ಮಾ ಮತ್ತು ಅವಳ ಕಡೆಯ ಹೆಂಗಸರು, ಇಲ್ಮಾರ್ ಮರ ಪೂಜೆ ಮಾಡುತ್ತಾನೆ, ಪಾಪ ಮೇತಾ ಎಂದರು. ಎಂಡೆಲನ ಮಗ ವೆಲ್ಲೊ ಅದನ್ನೇ ಹೆಮ್ಮೆಯಿಂದ ಹೇಳಿದ. ರಷ್ಯದವರ ಕೈಯಿಂದ ದೇಶ ಸ್ವತಂತ್ರವಾದ ಮೇಲೆ ಅವನು ಹಿರಿಯರ ಮಣ್ಣಿನ ನಂಬಿಕೆಗೆ ಹೊರಳಿದ್ದ. ಅಣಬೆ ಕೀಳುವ ಮೊದಲು ಕಾಡಿನ ಅಪ್ಪಣೆ ಕೇಳುವವನು, ಬುಗ್ಗೆಯ ನೀರಿಗೆ ತಲೆಬಾಗುವವನು. ಚಿಕ್ಕಪ್ಪನೇ ತನಗೆ ದಾರಿ ತೋರಿದ್ದು ಎಂದು ಪೈನ್ ಮರದ ಕೊಂಬೆಗೆ ಬಣ್ಣದ ಉಣ್ಣೆ ಕಟ್ಟಿದ. ಇಲ್ಮಾರನ ಮಗಳು ಪಿರೆಟ್ ತಾರ್ತು ಪಟ್ಟಣದಲ್ಲಿ ಜನರನ್ನು ಸುಮ್ಮನೆ ಕೂರಿಸಿ ಉಸಿರಾಡಿಸುತ್ತಿದ್ದಳು. ಏನೋ ಒಂದು ಇದೆ, ಅದಕ್ಕೆ ಹೆಸರು ಬೇಡ, ಗುಡಿಯೂ ಬೇಡ ಎನ್ನುವವಳು. ಬೇಸಿಗೆಯಲ್ಲಿ ಗೆಳತಿಯರನ್ನು ಕರೆತಂದು ಅಪ್ಪನ ಸುತ್ತ ಕಣ್ಣು ಮುಚ್ಚಿ ಕೂರುತ್ತಿದ್ದಳು. ಇಲ್ಮಾರ್ ದಿಮ್ಮಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತಿದ್ದ, ಅಷ್ಟೆ. ಚರ್ಚು ಬಿಟ್ಟ ಮೇಲೆ ಮೇತಾ ಬುಟ್ಟಿ ಹಿಡಿದು ಬರುತ್ತಿದ್ದಳು. ದಾರಿಯಲ್ಲಿ ಅಲ್ಮಾಳೂ ಜೊತೆಯಾಗುತ್ತಿದ್ದಳು, ಬೈಯುವುದಕ್ಕೆ. ಎಲ್ಲರೂ ಮೇತಾಳ ಸಿಹಿ ರೊಟ್ಟಿ ತಿನ್ನುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇವರನ್ನೆಲ್ಲ ಒಂದು ಕಡೆ ಹಿಡಿದಿಟ್ಟದ್ದು ನಂಬಿಕೆಯೋ ರೊಟ್ಟಿಯೋ ಎಂದು ಮೇತಾಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಏಪ್ರಿಲ್‌ನಲ್ಲಿ, ಮರಗಳ ನೆರಳಲ್ಲಿ ಇನ್ನೂ ಹಿಮ ಉಳಿದಿರುವಾಗ, ಇಲ್ಮಾರ್ ಸೌದೆ ಕೊಟ್ಟಿಗೆಯಲ್ಲಿ ಕುಸಿದು ತೀರಿಕೊಂಡ. ಈ ಸಲ ಪೆಟ್ಟಿಗೆಯಲ್ಲಿ ಅವನೇ ಇದ್ದ.

ಮಣ್ಣು ಮಾಡುವ ಹಿಂದಿನ ದಿನ ಮಧ್ಯಾಹ್ನ ಮೇತಾಳ ಅಡುಗೆಮನೆಯಲ್ಲಿ ಎಲ್ಲರೂ ಸೇರಿದರು. ಕೆತ್ತಬೇಕಾದವನು ವೆಲ್ಲೊ. ಅವನ ದೀಕ್ಷಾಸ್ನಾನವನ್ನು ರಷ್ಯದವರ ಕಾಲದಲ್ಲಿ ಕದ್ದುಮುಚ್ಚಿ ಮಾಡಿದಾಗ ಮಗುವನ್ನು ಎತ್ತಿ ಹಿಡಿದಿದ್ದವನು ಇಲ್ಮಾರ್. ಹಾಗೆ ಎತ್ತಿ ಹಿಡಿದವನ ಶಿಲುಬೆಯನ್ನು ಆ ಮಗು ಬೆಳೆದು ಕೆತ್ತಬೇಕು.

"ಆಗಲ್ಲ ಚಿಕ್ಕಮ್ಮ," ಎಂದ ವೆಲ್ಲೊ. "ಉಸಿರಾಡೋ ಮರಕ್ಕೆ ನಾನು ಚಾಕು ಹಾಕಲ್ಲ. ಚಿಕ್ಕಪ್ಪನೂ ಒಪ್ತಿರಲಿಲ್ಲ."

"ಜೀವಮಾನವೆಲ್ಲ ಮರ ಕಡಿದೋನು ನಿಮ್ಮ ಚಿಕ್ಕಪ್ಪ," ಎಂದಳು ಅಲ್ಮಾ. "ನೀನು ಕೂತಿರೋ ಕುರ್ಚಿ ಏನು, ಆಲೂಗಡ್ಡೆದಾ? ಶಿಲುಬೆ ಇಲ್ಲದೆ ಹೋದೋನು ಮನೆಗೆ ತಿರುಗಿ ಬರ್ತಾನೆ, ನೆನಪಿಟ್ಕೊ."

"ಅಪ್ಪನಿಗೆ ಒಂದು ಇದೆಯಲ್ಲ ಅಮ್ಮ," ಎಂದಳು ಪಿರೆಟ್, ಅತ್ತು ಕೆಂಪಾದ ಕಣ್ಣಲ್ಲಿ. "ಹಳೇದೇ ಸಾಕು. ಅಪ್ಪನಿಗೆ ಗುರುತೇ ಬೇಕಿರಲಿಲ್ಲ."

ಪಾದ್ರಿ ತಾವೆಟ್ ಎಳೆಯ ವಯಸ್ಸಿನವರು, ಕಡಲ ಕಡೆಯಿಂದ ಬಂದವರು. ಕಾಫಿ ಲೋಟ ತಿರುಗಿಸುತ್ತ, "ಸಮಾಧಿ ಮೇಲೆ ಹೇಗೂ ಶಿಲುಬೆ ನೆಡ್ತೀವಲ್ಲ, ಮರದಲ್ಲಿ ಯಾಕೆ ಅಂತ ನನಗೂ..." ಎಂದು ಶುರು ಮಾಡಿ, ಅಲ್ಮಾಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಮೇತಾ ಆಲೂಗಡ್ಡೆ ಸುಲಿಯುತ್ತ ಕೇಳಿಸಿಕೊಂಡಳು. ಇಲ್ಮಾರ್ ಮನೆಗೆ ತಿರುಗಿ ಬಂದಾನೆಂಬ ಭಯ ಅವಳಿಗಿರಲಿಲ್ಲ; ಬಂದರೆ ಕಾಫಿ ಕಾಸಿಕೊಡುತ್ತಿದ್ದಳು. ಅವಳ ಸಂಕಟವೇ ಬೇರೆ. ಅರ್ಧ ಶತಮಾನ ಇನ್ನೊಬ್ಬನ ಗುರುತು ಕಾದವನಿಗೆ ತನ್ನದೆಂಬ ಒಂದು ಗೀರೂ ಇಲ್ಲದೆ ಹೋಗುವುದೇ? ಅದನ್ನು ಬಾಯಿಬಿಟ್ಟು ಹೇಳಬೇಕೆಂದರೆ ಗಂಡನಿಗೆ ಕೊಟ್ಟ ಮಾತು ಮುರಿಯಬೇಕು. ಅವಳು ಚಾಕು ಒರೆಸಿಟ್ಟು, "ನಾಳೆ ಮರದ ಹತ್ತಿರ ನೋಡೋಣ. ಈಗ ಊಟ ಮಾಡಿ," ಎಂದಳು.

ಮಾರನೆಯ ದಿನ ಗಂಟೆ ಬಾರಿಸಿದವಳು ಅಲ್ಮಾ. ಚರ್ಚಿನಿಂದ ಹೊರಟ ದಾರಿಯುದ್ದಕ್ಕೂ ಸ್ಪ್ರೂಸ್ ಮರದ ಸೊಪ್ಪು ಹಾಸಿತ್ತು. ಪೈನ್ ಮರದ ಹತ್ತಿರ ಅಡುಗೆಮನೆಯ ಎರಡು ಕುರ್ಚಿ ಇಟ್ಟು, ಶವದ ಪೆಟ್ಟಿಗೆಯನ್ನು ಅವುಗಳ ಮೇಲೆ ಇಳಿಸಿದರು. ಚರ್ಚಿನವರು ರಸ್ತೆಯ ಮೇಲೆ ನಿಂತರು, ವೆಲ್ಲೊನ ಕಡೆಯವರು ಮರಗಳ ನಡುವೆ, ಪಿರೆಟ್‌ಳ ಗೆಳತಿಯರು ಎರಡರ ಮಧ್ಯದ ಕೆಸರಿನಲ್ಲಿ. ವೆಲ್ಲೊ ಮರಕ್ಕೆ ಬೆನ್ನು ಕೊಟ್ಟು, ಕೈಗಳನ್ನು ಹಿಂದೆ ಹಾಕಿ ನಿಂತ.

ಮೇತಾ ಬುಟ್ಟಿಯಿಂದ ಇಲ್ಮಾರನ ಚಾಕು ತೆಗೆದಳು.

"ಕ್ಷಮಿಸಿ ಚಿಕ್ಕಮ್ಮ," ಎಂದ ವೆಲ್ಲೊ. "ಚಿಕ್ಕಪ್ಪ ಈ ಮರಾನ ಪೂಜಿಸ್ತಿದ್ರು."

"ಇಲ್ಲಪ್ಪ."

"ಧ್ಯಾನ ಮಾಡ್ತಿದ್ರು," ಎಂದಳು ಪಿರೆಟ್.

"ಅದೂ ಇಲ್ಲಮ್ಮ. ಅಲ್ಮಾ, ನೀನೂ ಕೇಳು. ದೇವರ ಮೇಲೆ ಕೋಪ ಮಾಡ್ಕೊಂಡು ಇಲ್ಲಿಗೆ ಬರ್ತಿದ್ದೋನೂ ಅಲ್ಲ." ಮೇತಾ ಪೆಟ್ಟಿಗೆಯ ಮೇಲೆ ಒಂದು ಕೈ ಇಟ್ಟುಕೊಂಡಳು, ಗಂಡನ ಬಾಯಿ ಮುಚ್ಚಿ ಮಾತಾಡುವವಳ ಹಾಗೆ. "ಆ ಶಿಲುಬೆ ಇವರದಲ್ಲ. ಇವರ ಕೋಟು ಹಾಕ್ಕೊಂಡು ಸತ್ತ ಹುಡುಗಂದು. ಇಷ್ಟು ವರ್ಷ ಇವರು ಅವನ ಹತ್ತಿರ ಬಂದು ಕೂತಿದ್ದು. ಚರ್ಚಿಗೆ ಬನ್ನಿ, ಅವನಿಗೊಂದು ಪ್ರಾರ್ಥನೆ ಓದಿಸೋಣ ಅಂತ ನಾನೂ ಕರೆದೆ. ಏನಂದ್ರು ಗೊತ್ತಾ? 'ಅವನ ದೇವರು ಯಾರು ಅಂತ ನನಗೆ ಗೊತ್ತಿಲ್ಲ ಮೇತಾ. ಅವನಿಗೆ ಗೊತ್ತಿಲ್ಲದ ಹೆಸರು ಹೇಳಿ ಹುಡುಗನ್ನ ಹೆದರಿಸೋದು ಬೇಡ. ಸುಮ್ನೆ ಕೂತ್ಕೋತೀನಿ. ನಾನು ಅಲ್ಲೇ ಸತ್ತಿದ್ರೆ, ಯಾವಳೋ ಒಬ್ಬ ತಾಯಿ ಬಂದು ನನ್ನ ಹತ್ತಿರ ಒಂದು ಗಳಿಗೆ ಕೂತಿದ್ರೆ, ಅಷ್ಟು ಸಾಕಿತ್ತು ನನಗೆ' ಅಂದ್ರು."

ಅಲ್ಮಾ ಕರವಸ್ತ್ರ ಹುಡುಕಿದಳು, ಸಿಗದೆ ಕೈಗವಸಿನಿಂದಲೇ ಮೂಗು ಒರೆಸಿಕೊಂಡಳು. ಅಪ್ಪನ ಸುತ್ತ ಕಣ್ಣು ಮುಚ್ಚಿ ಕೂರುತ್ತಿದ್ದ ಪಿರೆಟ್‌ಗೆ ಆ ರೊಟ್ಟಿಯ ಚೂರು ಕಂಡದ್ದುಂಟು. ಹಕ್ಕಿಗಳಿಗೆ ಇರಬೇಕು ಎಂದುಕೊಂಡಿದ್ದಳು. ಈಗ ತಡೆಯಲಾಗದೆ ಬಿಕ್ಕಿದಳು.

ವೆಲ್ಲೊ ತಿರುಗಿ ಆ ಹಳೆಯ ಶಿಲುಬೆಯನ್ನು ನೋಡಿದ. ತೊಗಟೆ ಎರಡೂ ಕಡೆಯಿಂದ ಉಬ್ಬಿ ಬಂದು ಅದನ್ನು ಮುಚ್ಚುತ್ತಿತ್ತು. ಅದನ್ನು ಕೆತ್ತಿದವನು ಅವನ ಅಪ್ಪ. ಸತ್ತಿಲ್ಲದ ತಮ್ಮನಿಗಾಗಿ ಅಳುತ್ತ ಕೆತ್ತಿದ್ದ.

"ಎಲ್ಲಿ ಕೆತ್ತಬೇಕು ಚಿಕ್ಕಮ್ಮ?" ಎಂದು ಕೇಳಿದ.

"ಹುಡುಗನ ಪಕ್ಕ."

ಅವನು ಹಣೆಯನ್ನು ಮರಕ್ಕೆ ಒತ್ತಿ ಬಹಳ ಹೊತ್ತು ನಿಂತ. ಮರದ ಅಪ್ಪಣೆ ಕೇಳುತ್ತಿದ್ದಾನೆಂದು ಅವನ ಕಡೆಯವರಿಗೆ ತಿಳಿಯಿತು. ಚರ್ಚಿನವರಿಗೂ ತಿಳಿಯಿತು, ಆದರೆ ಅವತ್ತು ಯಾರೂ ಕೆಮ್ಮಲಿಲ್ಲ. ಆಮೇಲೆ ಚಾಕು ತೆಗೆದುಕೊಂಡು ಕೆತ್ತಿದ. ಮೊದಲು ಉದ್ದದ ಗೆರೆ, ಮೇಲೆ ಅಡ್ಡದ್ದು. ಏಪ್ರಿಲ್ ಮರ, ಬೇಗ ಒಸರಿತು. ರಾಳದ ವಾಸನೆ ರಸ್ತೆಯವರೆಗೂ ಬಂತು.

ಪಾದ್ರಿ ತಾವೆಟ್ ಪುಸ್ತಕ ತೆರೆದವರು ಹಾಗೇ ಮುಚ್ಚಿದರು. "ಆ ಹುಡುಗನ ಹೆಸರೇನು?" ಎಂದು ಮೆಲ್ಲಗೆ ಕೇಳಿದರು.

"ಗೊತ್ತಿಲ್ಲ ಅಯ್ಯನೋರೇ. ಇವರಿಗೂ ಗೊತ್ತಿರಲಿಲ್ಲ."

"ಹಾಗಿದ್ರೆ ನಾನು ಏನು ಓದಲಿ?"

ತಿಳಿಯಬೇಕೆಂದೇ ಕೇಳಿದ ಪ್ರಶ್ನೆ ಅದು. ಅದಕ್ಕೇ ಮೇತಾಳಿಗೆ ಆ ಎಳೆಯ ಪಾದ್ರಿಯ ಮೇಲೆ ಮೊದಲ ಸಲ ಪ್ರೀತಿ ಬಂತು. "ಇವರಿಗೆ ನೀವು ಓದಬೇಕಾದ್ದನ್ನ ಆಮೇಲೆ ಸಮಾಧಿ ಹತ್ತಿರ ಓದಿ," ಎಂದಳು. "ಇಲ್ಲಿ ಮಾತ್ರ ಸ್ವಲ್ಪ ಹೊತ್ತು ಸುಮ್ನೆ ಇರೋಣ. ಇದು ಹುಡುಗನ ಜಾಗ."

ಪಾದ್ರಿ ಟೋಪಿ ತೆಗೆದರು. ರಸ್ತೆಯ ಮೇಲಿದ್ದವರು ಒಬ್ಬೊಬ್ಬರಾಗಿ ಮರದ ಹತ್ತಿರ ಬಂದರು. ಕೆಲವರ ತುಟಿ ಅಲುಗುತ್ತಿತ್ತು, ಕೆಲವರದು ಇಲ್ಲ. ಮೇತಾ ಬುಟ್ಟಿಯಿಂದ ರೊಟ್ಟಿ ತೆಗೆದು ಮುರಿದು, ಹಳೆಯ ಶಿಲುಬೆಯ ಕೆಳಗೆ ಒಂದು ತುಂಡು ಇಟ್ಟಳು, ಹೊಸದರ ಕೆಳಗೆ ಇನ್ನೊಂದು. ಉಳಿದದ್ದನ್ನು ಅಲ್ಮಾಳ ಕೈಗೆ ಕೊಟ್ಟಳು. ಅಲ್ಮಾ ಒಂದು ಚೂರು ಮುರಿದುಕೊಂಡು, ಜೀವನದಲ್ಲಿ ಮೊದಲ ಸಲ ವೆಲ್ಲೊನ ಮುಖ ನೋಡಿ, ರೊಟ್ಟಿಯನ್ನು ಅವನತ್ತ ಚಾಚಿದಳು.

ಹೊರುವವರು ಪೆಟ್ಟಿಗೆಗೆ ಕೈ ಹಾಕಿದರು. ಮೇತಾ ಅವರನ್ನು ತಡೆದು, ಗಂಡನ ತಲೆಯ ಕಡೆಗೆ ಬಗ್ಗಿದಳು.

"ಏಳಿ, ಹೊರಡಿ," ಎಂದಳು. "ನೀವು ಕಾದದ್ದು ಸಾಕು. ಇನ್ನು ಮೇಲೆ ಹುಡುಗನ ಹತ್ತಿರ ನಾನು ಕೂತ್ಕೋತೀನಿ."